ಮೂವತ್ತು ದಿನದ ಗಾಳಿ

ಗಾಳಿ ತೂಗುವುದು ನನ್ನ ಕೆಲಸ ಎಂದರೆ ಜನ ನಗುತ್ತಾರೆ. ನಗಲಿ. ಹದಿನಾರು ವರ್ಷದಿಂದ ತೂಗುತ್ತಿದ್ದೇನೆ. ಸೋನ್‌ಪರ್ರಾ ಊರಿನ ನಗರಸಭೆ ಕಟ್ಟಡದ ತಾರಸಿಯ ಮೇಲೆ ಆಳೆತ್ತರದ ಒಂದು ತಗಡಿನ ಯಂತ್ರವಿದೆ. ಅದರ ಹೊಟ್ಟೆಯಲ್ಲಿ ಮೋಟಾರು, ತಲೆಯ ಮೇಲೆ ಟೋಪಿ. ಟೋಪಿಯ ಕೆಳಗೆ ನಾನು ಒಂದು ಬಿಳಿ ಕಾಗದ ಇಡುತ್ತೇನೆ. ಮೋಟಾರು ಗಾಳಿ ಎಳೆಯುತ್ತದೆ, ಧೂಳು ಕಾಗದದ ಮೇಲೆ ಕೂರುತ್ತದೆ. ಎಂಟು ಗಂಟೆಗೊಂದು ಕಾಗದ, ದಿನಕ್ಕೆ ಮೂರು, ವಾರಕ್ಕೆ ಎರಡು ದಿನ. ಇಡುವ ಮೊದಲು ತೂಗಬೇಕು, ತೆಗೆದ ಮೇಲೆ ತೂಗಬೇಕು. ಹೆಚ್ಚಿಗೆ ಬಂದದ್ದು ಊರಿನ ಜನ ಆ ದಿನ ಉಸಿರಾಡಿದ ಧೂಳು. ಲೆಕ್ಕ ನೂರರ ಒಳಗಿದ್ದರೆ ಗಾಳಿ ಚೆನ್ನಾಗಿದೆ, ನೂರು ದಾಟಿದರೆ ಚೆನ್ನಾಗಿಲ್ಲ. ಇದಕ್ಕಿಂತ ಹೆಚ್ಚಿನ ವಿದ್ಯೆ ನನಗೆ ಬೇಕಾಗಿಲ್ಲ, ಸರ್ಕಾರಕ್ಕೂ ಬೇಕಾಗಿಲ್ಲ.

ನಮ್ಮ ಸುತ್ತ ಕಬ್ಬಿಣದ ಕುಲುಮೆಗಳಿವೆ. ಆರು ಚಿಮಣಿ. ಹೊಗೆ ಸೋಸುವ ಯಂತ್ರ ಆರಕ್ಕೂ ಇದೆ, ಕರೆಂಟು ಉಳಿಯಲೆಂದು ಅದನ್ನು ನಿಲ್ಲಿಸಿಡುತ್ತಾರೆ, ತಪಾಸಣೆಯ ಜೀಪು ಬಂದಾಗ ಹಚ್ಚುತ್ತಾರೆ. ನಾನು ಕೆಲಸಕ್ಕೆ ಸೇರಿದ ಕಾಲದಿಂದ ಲೆಕ್ಕ ಇನ್ನೂರರ ಆಸುಪಾಸಿನಲ್ಲೇ ಇತ್ತು. ಹಾಗಾಗಿ ಸರ್ಕಾರ ನಮ್ಮ ಇಡೀ ಪ್ರದೇಶವನ್ನು ಕೆಟ್ಟ ಗಾಳಿಯ ಪಟ್ಟಿಗೆ ಸೇರಿಸಿ, ಲೆಕ್ಕ ಇಳಿಯುವವರೆಗೆ ಇಲ್ಲಿ ಹೊಸ ಕುಲುಮೆ ಕಟ್ಟುವ ಹಾಗಿಲ್ಲ ಎಂದು ಆಜ್ಞೆ ಮಾಡಿತು. ಒಳ್ಳೆಯ ಆಜ್ಞೆ. ಬರೆದವನು ಯಾರೋ ಪುಣ್ಯಾತ್ಮ.

ಆಮೇಲೆ ಶುದ್ಧ ಗಾಳಿಯ ಯೋಜನೆ ಬಂತು. ಯಾವ ಊರು ಲೆಕ್ಕ ಇಳಿಸುತ್ತದೋ ಆ ಊರಿಗೆ ಅನುದಾನ, ಬಹುಮಾನ. ಅದರಲ್ಲಿ ನಗರಸಭೆಯವರು ಒಂದು ಫಿರಂಗಿ ತಂದರು. ಗುಂಡಿನದಲ್ಲ, ನೀರಿನದು. ಲಾರಿಯ ಮೇಲೆ ದೊಡ್ಡ ಟ್ಯಾಂಕು, ಅದರ ಹಿಂದೆ ಬೀಸಣಿಗೆ ಇಟ್ಟ ದಪ್ಪ ಕೊಳವೆ. ಹಚ್ಚಿದರೆ ನೀರು ಮಂಜಿನ ಹಾಗೆ ನೂರು ಅಡಿ ಮೇಲೆ ಹೋಗಿ ಧೂಳನ್ನೆಲ್ಲ ಹಿಡಿದು ಕೆಳಗಿಳಿಸುತ್ತದೆ. ಊರಿಗೆಲ್ಲ ಇರುವುದು ಒಂದೇ ಫಿರಂಗಿ. ಅದು ಎಲ್ಲಿ ನಿಲ್ಲಬೇಕು? ನಮ್ಮ ನಗರಸಭೆಯ ಮೇಲಧಿಕಾರಿ ಮಾಥುರ್ ಸಾಹೇಬರು ಬುದ್ಧಿವಂತರು. ನಾನು ಯಾವ ದಿನ ಕಾಗದ ಇಡುತ್ತೇನೋ ಆ ದಿನ, ನನ್ನ ಯಂತ್ರ ಇರುವ ಕಟ್ಟಡದ ಸುತ್ತ.

ಫಿರಂಗಿಯ ಡ್ರೈವರು ಪಂಚೂ ಬಾಯಿ ತುಂಬ ಗುಟ್ಕಾ ಇಟ್ಟುಕೊಂಡು ಕೆಳಗಿನಿಂದ ಕೂಗುತ್ತಿದ್ದ: "ಬಿಸಾಹು ಅಣ್ಣ, ನಿನ್ನ ದೇವ್ರಿಗೆ ಅಭಿಷೇಕ ಆಯ್ತು ನೋಡು, ಮಂಗಳಾರತಿ ನೀನು ಎತ್ಕೋ!"

ನಾನೂ ನಗುತ್ತಿದ್ದೆ. ಎರಡು ವರ್ಷದಲ್ಲಿ ನನ್ನ ಕಾಗದ ಬೆಳ್ಳಗಾಯಿತು. ಲೆಕ್ಕ ತೊಂಬತ್ತಕ್ಕೆ ಇಳಿಯಿತು. ಉಬ್ಬಸದ ಮುದುಕರು, ಎದೆನೋವಿನ ಹೆಂಗಸರು ಹೇಗೋ ಸುಳಿವು ಹಿಡಿದು, ಕಾಗದ ಇಡುವ ದಿನ ನಗರಸಭೆಯ ಅಂಗಳಕ್ಕೆ ಬಂದು ಚಾಪೆ ಹಾಸಿಕೊಂಡು ಕೂರತೊಡಗಿದರು. ಊರಿನಲ್ಲಿ ಉಸಿರಾಡಲು ಆಗುವ ಗಾಳಿ ಅಲ್ಲಿ ಮಾತ್ರ ಇತ್ತು. ಸಾಹೇಬರು ಅವರ ಫೋಟೋ ತೆಗೆಸಿ, 'ಶುದ್ಧ ಗಾಳಿಯಲ್ಲಿ ವಿಹರಿಸುತ್ತಿರುವ ನಾಗರಿಕರು' ಎಂದು ವರದಿಯ ಮುಖಪುಟಕ್ಕೆ ಹಾಕಿದರು. ರಾಜಧಾನಿಗೆ ಹೋಗಿ ಬಹುಮಾನದ ಫಲಕ ತಂದರು. ಅದಾದ ತಿಂಗಳಿಗೆ ಸೋನ್‌ಪರ್ರಾ ಕೆಟ್ಟ ಪಟ್ಟಿಯಿಂದ ಹೊರಗೆ ಬಂತು, ಅದರ ಹಿಂದೆಯೇ ಕಾರ್ಖಾನೆಯವರ ಅರ್ಜಿ ಬಂತು. ಬೆಲ್‌ಭಾಠಾ ಹಳ್ಳಿಯ ಪಕ್ಕ ಇನ್ನೂ ನಾಲ್ಕು ಕುಲುಮೆ.

ಬೆಲ್‌ಭಾಠಾ ನನ್ನ ಮಹಾಪ್ರಸಾದರ ಊರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಾವಿಬ್ಬರೂ ಹದಿನೈದು ವರ್ಷದವರಿದ್ದಾಗ, ಪುರಿಯಿಂದ ತಂದ ಜಗನ್ನಾಥನ ಒಣ ಅನ್ನವನ್ನು ಒಬ್ಬರ ಬಾಯಿಗೆ ಒಬ್ಬರು ಹಾಕಿ, ತೆಂಗಿನಕಾಯಿ ಬದಲಾಯಿಸಿಕೊಂಡು ಮಿತಾನರು, ಅಂದರೆ ದೇವರ ಸಾಕ್ಷಿಯ ಗೆಳೆಯರು, ಆದವರು. ಅಂದಿನಿಂದ ಅವರು ನನಗೆ ಮಹಾಪ್ರಸಾದ, ನಾನೂ ಅವರಿಗೆ ಮಹಾಪ್ರಸಾದ. ಹೆಸರು ಹಿಡಿದು ಕರೆಯುವ ಹಾಗಿಲ್ಲ. ಅಲ್ಲಿಯವರೆಗೆ ಗೋಲಿಯಾಟದಲ್ಲಿ ಅಮ್ಮ ಅಪ್ಪ ಎಂದು ಬೈದಾಡುತ್ತಿದ್ದ ಇಬ್ಬರು ಹುಡುಗರು ಮಾರನೆಯ ಬೆಳಿಗ್ಗೆಯಿಂದ ನೀವು, ತಾವು ಎನ್ನತೊಡಗಿದೆವು. ನನ್ನ ಅಪ್ಪ ತೀರಿಕೊಂಡಾಗ ಅವರೂ ತಲೆ ಬೋಳಿಸಿಕೊಂಡರು. ಒಡಹುಟ್ಟಿದವನು ಕೇಳಿದ್ದನ್ನು ಇಲ್ಲ ಎನ್ನಬಹುದು. ಮಿತಾನ ಬಾಯಿಬಿಟ್ಟು ಕೇಳಿದರೆ ಇಲ್ಲ ಎನ್ನುವಂತಿಲ್ಲ. ಅದಕ್ಕೇ ಮಿತಾನರಾದವರು ಏನನ್ನೂ ಸುಲಭಕ್ಕೆ ಕೇಳುವುದಿಲ್ಲ. ನಲವತ್ತು ವರ್ಷದಲ್ಲಿ ಮಹಾಪ್ರಸಾದರು ನನ್ನನ್ನು ಕೇಳಿದ್ದು ಎರಡೇ ಸಲ, ಎರಡೂ ಈ ವರ್ಷ.

ಮೊದಲ ಸಲ ಮಾಘದಲ್ಲಿ. ಬೆಳಿಗ್ಗೆ ನಿನ್ನೆಯ ಅನ್ನದ ಬಾಸಿ ಉಣ್ಣುವ ಹೊತ್ತಿಗೆ ಸೈಕಲ್ಲು ಒರಗಿಸಿ ಒಳಗೆ ಬಂದರು. ನನ್ನ ಹೆಂಡತಿ ಕೇಜಾ ಅವರಿಗೂ ಒಂದು ಬಟ್ಟಲು ನೀರನ್ನ, ಈರುಳ್ಳಿ, ಹಸಿಮೆಣಸಿನಕಾಯಿ ಇಟ್ಟಳು. ಅವರು ಬಟ್ಟಲು ಮುಟ್ಟಲಿಲ್ಲ.

"ಅತ್ತಿಗೆ ಹೇಗಿದ್ದಾರೆ?" ಎಂದೆ.

"ಮಲಗೋಕೆ ಆಗ್ತಿಲ್ಲ. ಗೋಡೆಗೆ ಒರಗಿ ಕೂತೇ ಬೆಳಗು ಮಾಡ್ತಾಳೆ. ಮೊನ್ನೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ. ಡಾಕ್ಟ್ರು ಏನಂದ್ರು ಗೊತ್ತಾ, ಊರು ಬದಲಾಯ್ಸಿ ಅಂತ. ಊರು ಅಂದ್ರೆ ಅಂಗಿನಾ, ಬದಲಾಯ್ಸೋಕೆ?"

ಮಹಾಪ್ರಸಾದರ ಹೆಂಡತಿ ಸುಕ್ವಾರೋ ಅತ್ತಿಗೆ ಒಂದು ಕಾಲಕ್ಕೆ ನಾಟಿ ಹಾಡಿಗೆ ಮುಂದಾಳು. ಗದ್ದೆಯ ಈ ತುದಿಯಲ್ಲಿ ಎತ್ತಿದ ದನಿ ಆ ತುದಿಗೆ ಕೇಳುತ್ತಿತ್ತು. ಈಗ ಒಂದು ಲೋಟ ನೀರು ಬೇಕು ಎನ್ನಲು ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದರು.

"ಬರೋ ವಾರ ಜನರ ಅಹವಾಲು ಕೇಳೋ ಸಭೆ ಇದೆಯಂತೆ," ಎಂದರು ಮಹಾಪ್ರಸಾದರು. "ಸೋನ್‌ಪರ್ರಾ ಗಾಳಿ ಸರಿ ಹೋಗಿದೆ, ಅದಕ್ಕೇ ಕುಲುಮೆಗೆ ಒಪ್ಪಿಗೆ ಅಂತಾರೆ. ಆ ಗಾಳಿ ನಿಮ್ಮ ತಾರಸಿ ಮೇಲಿಂದು. ನಮ್ಮೂರಿಂದಲ್ಲ. ನಿಮ್ಮ ಯಂತ್ರ ನಮ್ಮೂರಿಗೆ ತಂದು ಇಡ್ಲಿ ಅಂತ ಸಭೇಲಿ ಕೇಳ್ತೀನಿ. ಯಂತ್ರ ಕಿತ್ತು ತರೋಕೆ ಆಗುತ್ತಾ ಅಂತ ಸಾಹೇಬ್ರು ನಿಮ್ಮನ್ನ ಕೇಳ್ತಾರೆ. ಆಗುತ್ತೆ ಅನ್ನಬೇಕು. ಇದೊಂದು ನಡೆಸ್ಕೊಡಿ, ಮಹಾಪ್ರಸಾದ."

ನಾನು ಆಗಲಿ ಎಂದೆ. ಆಮೇಲೆ ಅವರು ಬಟ್ಟಲಿಗೆ ಕೈ ಹಾಕಿದರು.

ಸಭೆ ಶಾಲೆಯ ಮೈದಾನದಲ್ಲಿ ನಡೆಯಿತು. ಶಾಮಿಯಾನದ ಕೆಳಗೆ ಕಾರ್ಖಾನೆಯ ಕೂಲಿಗಳನ್ನು ಲಾರಿಯಲ್ಲಿ ತಂದು ಕೂರಿಸಿದ್ದರು. ಅವರ ಮಡಿಲಲ್ಲಿ ಪೂರಿಯ ಪೊಟ್ಟಣ, ಬಾಯಲ್ಲಿ ಕಲಿಸಿದ ಮಾತು: ಕುಲುಮೆ ಬರಲಿ, ಕೆಲಸ ಬರಲಿ. ಮಹಾಪ್ರಸಾದರು ಎದ್ದು ನಿಂತರು.

"ಸಾಹೇಬ್ರೇ, ನಾನು ಓದಿದೋನಲ್ಲ. ಜ್ವರ ನನಗೆ ಬಂದಿದೆ, ನೀವು ಪಕ್ಕದ ಮನೆಯೋನ ಕಂಕುಳಲ್ಲಿ ಕಡ್ಡಿ ಇಟ್ಟು ಜ್ವರ ಇಲ್ಲ ಅಂತೀರಿ. ಕಡ್ಡಿ ನನ್ನ ಕಂಕುಳಲ್ಲಿ ಇಡಿ. ಆಮೇಲೆ ಏನು ಬೇಕಾದ್ರೂ ಬರ್ಕೊಳ್ಳಿ."

ಪೂರಿ ತಿನ್ನುತ್ತಿದ್ದ ಕೂಲಿಗಳೂ ಚಪ್ಪಾಳೆ ತಟ್ಟಿದರು. ರಾಜಧಾನಿಯಿಂದ ಬಂದಿದ್ದ ದೊಡ್ಡ ಅಧಿಕಾರಿ ಮಾಥುರ್ ಸಾಹೇಬರ ಕಡೆ ನೋಡಿದರು, ಸಾಹೇಬರು ನನ್ನ ಕಡೆ ನೋಡಿದರು. ಆಗುತ್ತೆ ಸಾರ್, ಅರ್ಧ ದಿನದ ಕೆಲಸ ಎಂದೆ. ಬೆಲ್‌ಭಾಠಾದಲ್ಲಿ ಮೂವತ್ತು ದಿನ ಗಾಳಿ ಅಳೆಯಬೇಕು, ಸರಾಸರಿ ನೂರು ದಾಟಿದರೆ ಕುಲುಮೆಯ ಅರ್ಜಿ ತಳ್ಳಿಹಾಕಬೇಕು ಎಂದು ಅಲ್ಲೇ ತೀರ್ಮಾನವಾಯಿತು. ನನ್ನ ನೌಕರಿಯಲ್ಲಿ ಅಂಥ ಒಂದು ದಿನ ನೋಡಿದ್ದೆ ಎಂದು ನಾನು ಸಾಯುವವರೆಗೆ ಹೇಳಿಕೊಳ್ಳಬಹುದಿತ್ತು.

ಯಂತ್ರ ಇಡಲು ಗಟ್ಟಿ ತಾರಸಿ ಬೇಕು. ಹಳ್ಳಿಯಲ್ಲಿ ಎಲ್ಲ ಹೆಂಚಿನ ಮನೆ. ಮಹಾಪ್ರಸಾದರಿಗೆ ಮಾತ್ರ ಸರ್ಕಾರದ ಯೋಜನೆಯಲ್ಲಿ ಕಟ್ಟಿಕೊಟ್ಟ ಎರಡು ಕೋಣೆಯ ತಾರಸಿ ಮನೆ ಇತ್ತು. ಒಂದು ಶನಿವಾರ ಅಲ್ಲೇ ಇಟ್ಟೆವು, ಮೂವತ್ತು ದಿನದ ಎಣಿಕೆ ಅಂದಿನಿಂದ. ಹೆಂಗಸರು ಯಂತ್ರಕ್ಕೆ ಅರಿಶಿನ ಹಚ್ಚಿದರು, ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ.

ಮೊದಲ ಸೋಮವಾರದ ಕಾಗದ ತೆಗೆದಾಗ ಅದು ಬಾಣಲೆಯ ತಳದ ಹಾಗೆ ಕಪ್ಪಗಿತ್ತು. ಲೆಕ್ಕ ಇನ್ನೂರ ಅರವತ್ತಮೂರು. ಗುರುವಾರದ್ದು ಇನ್ನೂರ ನಲವತ್ತೊಂದು. ಮಹಾಪ್ರಸಾದರು ಆ ಕಾಗದವನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು ಊರಿಗೆಲ್ಲ ತೋರಿಸಿ ಬಂದರು. ತಮ್ಮ ಎದೆಯೊಳಗಿನದನ್ನು ಯಾರೋ ಹೊರಗೆ ತೆಗೆದು ತೋರಿಸಿದ್ದು ಅವರಿಗೆಲ್ಲ ಹಬ್ಬವಾಗಿತ್ತು. ಗಾಳಿ ಇಷ್ಟು ಕೆಟ್ಟದ್ದು ಎಂದು ಒಂದು ಹಳ್ಳಿ ಕುಣಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಡನೇ ಸೋಮವಾರ ನಾನು ಕಾಗದ ಇಡುವ ಹೊತ್ತಿಗೆ ಸರಿಯಾಗಿ ಪಂಚೂನ ಲಾರಿ ಹಳ್ಳಿಗೆ ಬಂತು.

"ಇದ್ಯಾಕಪ್ಪಾ ಇಲ್ಲಿ?" ಎಂದೆ.

"ನನ್ನ ಕೇಳಿದ್ರೆ? ಧೂಳು ಜಾಸ್ತಿ ಇರೋ ಕಡೆ ಸಿಂಪಡಿಸಬೇಕು ಅಂತ ಯೋಜನೇಲೇ ಬರ್ದಿದೆಯಂತೆ. ಇಲ್ಲಿ ಧೂಳು ಜಾಸ್ತಿ ಅಂತ ಬರ್ದೋನು ನೀನೇ ತಾನೆ?"

ಅವನು ಊರ ಕೆರೆಗೇ ಪೈಪು ಇಳಿಸಿ ಟ್ಯಾಂಕು ತುಂಬಿಸಿಕೊಂಡ. ಹೆಂಗಸರು ಕೊಡ ಹಿಡಿದು ಬೈದರು. "ನಮ್ಮ ಕೆರೆ ನೀರು ನಮ್ಮ ಮೇಲೇ ಎರಚೋಕೆ ಬಂದಿದ್ದೀಯಾ, ನಿನ್ನ ಮುಖಕ್ಕಿಷ್ಟು!" ಎಂದು ಒಬ್ಬಳು ಚಪ್ಪಲಿಯನ್ನೂ ಎಸೆದಳು. ಮಹಾಪ್ರಸಾದರು ಲಾರಿಯ ಮುಂದೆ ಹೋಗಿ ನಿಂತರು. ಹಿಂದೆಯೇ ಜೀಪಿನಲ್ಲಿ ಬಂದಿದ್ದ ಮಾಥುರ್ ಸಾಹೇಬರು ದನಿ ಏರಿಸಲೇ ಇಲ್ಲ.

"ನೋಡಿ, ನಿಮ್ಮೂರಿನ ಧೂಳು ಕಡಿಮೆ ಮಾಡೋಕೆ ಸರ್ಕಾರ ಬಂದಿದೆ. ಬೇಡ, ಧೂಳು ಹಾಗೇ ಇರಲಿ ಅಂತ ಬರ್ದು ಕೊಡ್ತೀರಾ?"

ಯಾರು ಬರೆದು ಕೊಡುತ್ತಾರೆ? ಮಹಾಪ್ರಸಾದರು ದಾರಿ ಬಿಟ್ಟರು. ಫಿರಂಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ಅವರ ಮನೆಯ ಸುತ್ತ ನೀರು ಸುರಿಸಿತು. ಬೇವಿನ ಎಲೆಗಳು ತೊಳೆದುಹೋಗಿ ಹಸಿರಾದವು. ಅಂಗಳದ ಗಾಳಿ ಒದ್ದೆಯಾಯಿತು. ನನ್ನ ಕಾಗದ ಎಪ್ಪತ್ತು ತೋರಿಸಿತು. ನಾನು ಹೊಟ್ಟೆಯೊಳಗೇ ಬೈದುಕೊಂಡು ತಾರಸಿ ಇಳಿದು ಬಂದೆ.

ಕೆಳಗೆ ಅಂಗಳದ ಮಂಚದ ಮೇಲೆ ಸುಕ್ವಾರೋ ಅತ್ತಿಗೆ ಅಂಗಾತ ಮಲಗಿದ್ದರು. ನಾಲ್ಕು ತಿಂಗಳಿಂದ ಗೋಡೆಗೆ ಒರಗಿ ಕೂತೇ ಇದ್ದ ಹೆಂಗಸು ಬೆನ್ನು ಚಾಚಿ ಮಲಗಿ ನಿದ್ದೆ ಮಾಡುತ್ತಿದ್ದರು, ಎದೆ ನಿಧಾನವಾಗಿ ಏರಿ ಇಳಿಯುತ್ತಿತ್ತು. ಮಹಾಪ್ರಸಾದರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಆ ಎದೆಯನ್ನೇ ನೋಡುತ್ತಿದ್ದರು. ನನ್ನನ್ನು ಕಂಡು ಬಾಯಿಗೆ ಬೆರಳಿಟ್ಟು ಮಾತಾಡಬೇಡಿ ಎಂದು ಸನ್ನೆ ಮಾಡಿದರು.

ಸಂಜೆ ಎದ್ದು ಅತ್ತಿಗೆ ಹಸಿವು ಎಂದರಂತೆ. ಅಕ್ಕಿಹಿಟ್ಟಿನ ಎರಡು ಚೀಲಾ ದೋಸೆ ತಿಂದರಂತೆ. ಮಹಾಪ್ರಸಾದರು ಇದನ್ನು ಆಮೇಲೆ ನನಗೆ ಮೂರು ಸಲ ಹೇಳಿದರು, ಮೂರು ಸಲವೂ ಎರಡು ಎಂದು ಬೆರಳು ತೋರಿಸಿ.

ಗುರುವಾರ ಊರಿನ ಗಂಡಸರು ಊರ ಬಾಗಿಲಿಗೆ ಜಾಲಿಮುಳ್ಳು ಎಳೆದು ಲಾರಿಯನ್ನು ತಡೆದರು. ಪಂಚೂ ಅರ್ಧ ಗಂಟೆ ಹಾರನ್ನು ಬಾರಿಸಿ ವಾಪಸು ಹೋದ. ಆ ದಿನದ ಕಾಗದ ಇನ್ನೂರ ಐವತ್ತು. ಊರೆಲ್ಲ ಗೆದ್ದೆವು ಎಂದು ಕೂಗಾಡುತ್ತಿತ್ತು. ಮಹಾಪ್ರಸಾದರ ಮನೆಯಲ್ಲಿ ಅತ್ತಿಗೆ ಮತ್ತೆ ಗೋಡೆಗೆ ಒರಗಿದ್ದರು, ತುಟಿ ನೇರಳೆಯಾಗಿತ್ತು, ಪ್ರತಿ ಉಸಿರಿಗೂ ಕತ್ತಿನ ನರ ಎದ್ದು ನಿಲ್ಲುತ್ತಿತ್ತು. ಹೊರಗಿನ ಕೇಕೆ ಕೇಳಿ ಅವರು ನಗಲು ನೋಡಿದರು. ಕೆಮ್ಮು ಬಂತು.

ಮಾರನೆಯ ದಿನ ಮಧ್ಯಾಹ್ನ ಮಹಾಪ್ರಸಾದರು ನನ್ನ ಮನೆಗೆ ಬಂದರು. ಈ ಸಲ ಕೂರಲೂ ಇಲ್ಲ.

"ಮಹಾಪ್ರಸಾದ, ಫಿರಂಗಿ ಕಾಗದ ಇಡೋ ದಿನ ಮಾತ್ರ ಬರುತ್ತೆ ಅಲ್ವಾ?"

"ಹೌದು."

"ನೀವು ದಿನಾ ಕಾಗದ ಇಟ್ರೆ?"

ನನಗೆ ಒಮ್ಮೆಗೇ ಅರ್ಥವಾಗಲಿಲ್ಲ. ಅರ್ಥವಾದಾಗ ಅವರ ಮುಖ ನೋಡಿದೆ. ಅವರು ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಿದ್ದರು.

"ಇಡಬಹುದು," ಎಂದೆ. "ವಾರಕ್ಕೆ ಎರಡಕ್ಕಿಂತ ಕಡಿಮೆ ಇಡಬಾರದು ಅಂತಿದೆ, ಹೆಚ್ಚು ಇಡಬಾರದು ಅಂತ ಎಲ್ಲೂ ಇಲ್ಲ. ಆದ್ರೆ ಕೇಳಿ, ಮಹಾಪ್ರಸಾದ. ನಾನು ನಿನ್ನೆ ಲೆಕ್ಕ ಹಾಕಿ ನೋಡಿದ್ದೀನಿ. ಇನ್ನು ಮೇಲೆ ವಾರಕ್ಕೆ ಎರಡೇ ದಿನ ಇಟ್ರೆ, ಫಿರಂಗಿ ಬಂದು ಎಷ್ಟೇ ನೀರು ಹೊಡೆದ್ರೂ ಸರಾಸರಿ ನೂರ ಮೂವತ್ತು ದಾಟುತ್ತೆ. ಆ ಮೂರು ಕರೀ ಕಾಗದ ನಮ್ಮನ್ನ ಕಾಯುತ್ವೆ. ಕುಲುಮೆ ಬರಲ್ಲ. ದಿನಾ ಇಟ್ರೆ ಎಲ್ಲಾ ಬಿಳೀ ಕಾಗದ ಸೇರಿ ಆ ಮೂರನ್ನೂ ನುಂಗುತ್ವೆ. ನೂರರ ಒಳಗೆ ಬರುತ್ತೆ. ನಾವು ಸೋಲ್ತೀವಿ."

"ಗೊತ್ತು."

"ಗೊತ್ತಿದ್ದೂ?"

"ಕುಲುಮೆ ಕಟ್ಟೋಕೆ ಎರಡು ವರ್ಷ ಬೇಕು," ಎಂದರು ಮಹಾಪ್ರಸಾದರು. "ಅವಳಿಗೆ ಎರಡು ವರ್ಷ ಇದೆಯಾ? ಎರಡು ಚೀಲಾ ತಿಂದ್ಲು, ಮಹಾಪ್ರಸಾದ. ಕೇಳಿ ತಿಂದ್ಲು. ನಾನು ಊರಿಗಾಗಿ ಮಾತಾಡಿದ್ದು ನಿಜ. ಈಗ ನನ್ನ ಬಾಯಲ್ಲಿ ಊರಿನ ಮಾತು ಬರ್ತಿಲ್ಲ. ನಡೆಸ್ಕೊಡಿ."

ಒಳಗಿನಿಂದ ಕೇಜಾ ಸೌಟು ಹಿಡಿದೇ ಬಂದಳು. ಮಿತಾನನ ಮುಂದೆ ಅವಳು ಸೆರಗು ಹೊದ್ದೇ ಮಾತಾಡುವುದು. ಆದರೆ ಮಾತಿಗೆ ಸೆರಗಿರಲಿಲ್ಲ.

"ಭಾವ, ಸಿಟ್ಟು ಮಾಡ್ಕೋಬೇಡಿ. ಅಕ್ಕನ ಮೇಲೆ ನನಗೂ ಜೀವ ಇದೆ. ಅವರನ್ನ ಇಲ್ಲಿಗೆ ಕರ್ಕೊಂಡು ಬನ್ನಿ, ನಾನು ನೋಡ್ಕೋತೀನಿ. ಊರನ್ನ ಯಾಕೆ ಮಾರ್ತೀರಿ?"

"ಇಲ್ಲಾದ್ರೂ ಗಾಳಿ ಎಲ್ಲಿದೆ, ತಂಗೀ? ನಿಮ್ಮ ಫಿರಂಗಿ ಈಗ ನಮ್ಮೂರಲ್ಲಿದೆ."

ಅದು ನಿಜ. ಫಿರಂಗಿ ಬೆಲ್‌ಭಾಠಾಕ್ಕೆ ಹೋದ ಮೇಲೆ ನಗರಸಭೆಯ ಅಂಗಳದ ಮುದುಕರೂ ಚಾಪೆ ಸುತ್ತಿಕೊಂಡು ಹೋಗಿದ್ದರು. ಕೇಜಾ ನನ್ನತ್ತ ತಿರುಗಿದಳು. "ಅವರಿಗೆ ಬುದ್ಧಿ ಮಂಕಾಗಿದೆ. ನಿಮಗೇನಾಗಿದೆ? ಆಗಲ್ಲ ಅಂತ ಒಂದು ಮಾತು ಹೇಳಿ."

ನಾನು ಹೇಳಲಿಲ್ಲ. ಮಿತಾನರು ಕೇಳಿದ್ದರು ಎಂದು ಇವತ್ತಿಗೂ ಹೇಳಿಕೊಳ್ಳುತ್ತೇನೆ. ಅಷ್ಟೇ ಅಲ್ಲ. ಆ ಹೆಂಗಸು ಬೆನ್ನು ಚಾಚಿ ಮಲಗಿದ್ದನ್ನು ನಾನೂ ನೋಡಿದ್ದೆ.

ಒಂದು ವಿಷಯ ಮಾತ್ರ ಖಾತ್ರಿ ಮಾಡಿಕೊಳ್ಳಬೇಕೆಂದು ಮಾಥುರ್ ಸಾಹೇಬರ ಹತ್ತಿರ ಹೋದೆ. ದಿನಾ ಕಾಗದ ಇಡುತ್ತೇನೆ ಎಂದಾಗ ಅವರು ಕುರ್ಚಿಯಿಂದ ಎದ್ದು ನನ್ನ ಬೆನ್ನು ತಟ್ಟಿದರು. ಹದಿನಾರು ವರ್ಷದಲ್ಲಿ ಮೊದಲ ಸಲ ಚಹಾ ತರಿಸಿದರು.

"ಲೆಕ್ಕ ಚೆನ್ನಾಗಿ ಬಂದ್ಮೇಲೆ ಫಿರಂಗಿ ಹಳ್ಳೀಲೇ ಇರುತ್ತಾ ಸಾರ್?" ಎಂದು ಕೇಳಿದೆ.

"ಯಾಕಿರಲ್ಲ? ಲೆಕ್ಕ ಚೆನ್ನಾಗಿದ್ರೆ ಎಲ್ಲಾ ಇರುತ್ತೆ, ಬಿಸಾಹು. ಸೋನ್‌ಪರ್ರಾದಲ್ಲಿ ಇಲ್ವಾ?"

ಸೋನ್‌ಪರ್ರಾದಲ್ಲಿ ಇತ್ತು. ಎರಡು ವರ್ಷ ಚೆನ್ನಾದ ಲೆಕ್ಕದ ಜೊತೆ ಫಿರಂಗಿಯೂ ಇತ್ತು. ಗಾಳಿ ತೂಗುವ ನನಗೆ ಆ ಮಾತನ್ನು ತೂಗಲು ಬರಲಿಲ್ಲ. ಮಹಾಪ್ರಸಾದರಿಗೆ ಹೋಗಿ ಹೇಳಿದೆ, ಅವರೂ ನಂಬಿದರು.

ಶನಿವಾರ ಬೆಳಿಗ್ಗೆ ಪಂಚೂ ಊರ ಬಾಗಿಲಲ್ಲಿ ಹಾರನ್ನು ಬಾರಿಸಿದಾಗ ಮಹಾಪ್ರಸಾದರೇ ಹೋಗಿ ಜಾಲಿಮುಳ್ಳನ್ನು ಬರಿಗೈಯಲ್ಲಿ ಎಳೆದು ಪಕ್ಕಕ್ಕೆ ಹಾಕಿದರು. ಗಂಡಸರು ನಿಂತು ನೋಡಿದರು. ಅವರಲ್ಲೊಬ್ಬ, ಸಭೆಯಲ್ಲಿ ಇವರ ಪಕ್ಕ ಕೂತಿದ್ದ ಊರ ಪಂಚಾಯಿತಿ ಸದಸ್ಯ, ಕೇಳಿದ: "ಏನಯ್ಯಾ, ಕಾರ್ಖಾನೆಯೋರು ಎಷ್ಟು ಕೊಟ್ರು?"

ಮಹಾಪ್ರಸಾದರು ಲಾರಿಯ ಮುಂದೆ ನಡೆದು ಅದಕ್ಕೆ ತಮ್ಮ ಮನೆಯ ದಾರಿ ತೋರಿಸಿದರು. ಅಂದಿನಿಂದ ಊರು ಅವರೊಡನೆ ಮಾತು ಬಿಟ್ಟಿತು. ಬಾವಿಕಟ್ಟೆಯಲ್ಲಿ ಅವರು ಕೊಡ ಇಟ್ಟರೆ ಮಿಕ್ಕವರು ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಕ್ಷೌರದವನು ಬರುವುದನ್ನು ನಿಲ್ಲಿಸಿದ. ಫಾಲ್ಗುಣದ ಹೋಳಿಯಲ್ಲಿ ಆ ಒಂದು ಅಂಗಳಕ್ಕೆ ಯಾರೂ ಬಣ್ಣ ತರಲಿಲ್ಲ.

ಆದರೆ ಹದಿನಾರು ದಿನ ಆ ಅಂಗಳದಲ್ಲಿ ಮಂಜು ಸುರಿಯಿತು. ಹದಿನಾರು ದಿನ ಅತ್ತಿಗೆ ಮಲಗಿ ನಿದ್ದೆ ಮಾಡಿದರು. ಒಂದು ಬೆಳಿಗ್ಗೆ ನಾನು ಕಾಗದ ಬದಲಾಯಿಸುತ್ತಿದ್ದಾಗ ಕೆಳಗಿನಿಂದ ಸಣ್ಣಗೆ ನಾಟಿ ಹಾಡಿನ ಒಂದು ಸಾಲು ಕೇಳಿಸಿತು. ಎರಡನೇ ಸಾಲಿಗೆ ಉಸಿರು ಸಾಲದೆ ನಿಂತುಹೋಯಿತು. ಮಹಾಪ್ರಸಾದರು ಆ ಸಾಲನ್ನು ತಮ್ಮ ಒಡಕು ದನಿಯಲ್ಲಿ ಮುಗಿಸಿದರು. "ಕತ್ತೆ ಹಾಡ್ದಂಗಿದೆ," ಎಂದು ಅತ್ತಿಗೆ ನಕ್ಕದ್ದೂ ಕೇಳಿಸಿತು. ನಾನು ತಾರಸಿಯ ಮೇಲೆ ಬಿಳೀ ಕಾಗದ ಹಿಡಿದು ನಿಂತು ಅತ್ತೆ. ಸಂತೋಷಕ್ಕೋ ನಾಚಿಕೆಗೋ ಗೊತ್ತಿಲ್ಲ.

ಆ ದಿನಗಳಲ್ಲೆಲ್ಲ ಕಾಗದ ಅರವತ್ತರ ಹತ್ತಿರವೇ ಇತ್ತು, ಒಟ್ಟು ಸರಾಸರಿ ಎಂಬತ್ತೊಂಬತ್ತು ಬಂತು. ಕೂಡಿ ಭಾಗಿಸಿ ಕೆಳಗೆ ಸಹಿ ಹಾಕಿದವನು ನಾನೇ.

ಮೂವತ್ತೊಂದನೇ ದಿನ ಬೆಳಿಗ್ಗೆ ನಗರಸಭೆಯ ಆಳುಗಳು ಬಂದು ಯಂತ್ರದ ಬೋಲ್ಟು ಬಿಚ್ಚತೊಡಗಿದರು. ನಾನು ಮಾಥುರ್ ಸಾಹೇಬರಿಗೆ ಫೋನು ಮಾಡಿದೆ.

"ಸಾರ್, ಯಂತ್ರ ಹೋಗ್ಲಿ. ಫಿರಂಗಿ?"

"ಯಾವ ಫಿರಂಗಿ? ಬೆಲ್‌ಭಾಠಾ ಗಾಳಿ ಎಂಬತ್ತೊಂಬತ್ತು ಕಣಯ್ಯಾ. ನೂರರ ಒಳಗಿರೋ ಊರಿಗೆ ಸಿಂಪಡಿಸೋಕೆ ಯೋಜನೇಲಿ ಅವಕಾಶ ಇಲ್ಲ."

"ನೀವು ಇರುತ್ತೆ ಅಂದಿದ್ರಿ ಸಾರ್."

"ಸೋನ್‌ಪರ್ರಾದಲ್ಲಿ ಯಂತ್ರ ಖಾಯಮ್ಮಾಗಿದೆ, ಅದಕ್ಕೆ ಫಿರಂಗೀನೂ ಖಾಯಮ್ಮು. ಇಷ್ಟು ವರ್ಷ ಕೆಲಸ ಮಾಡಿದ್ದೀಯ, ಅಷ್ಟೂ ತಿಳೀಲಿಲ್ವಾ?"

ತಿಳಿಯಲಿಲ್ಲ. ಫಿರಂಗಿ ಧೂಳಿನ ಹಿಂದೆ ಹೋಗುವುದಲ್ಲ, ಜನರ ಹಿಂದೆಯೂ ಅಲ್ಲ, ನನ್ನ ಯಂತ್ರದ ಹಿಂದೆ ಹೋಗುವುದು ಎಂದು ದಿನಾ ಕಣ್ಣಾರೆ ನೋಡಿದವನು ನಾನು. ನೋಡಿದ್ದನ್ನು ಮರೆಯುವಷ್ಟು ಆಸೆ ನಮ್ಮಿಬ್ಬರಿಗೂ ಇತ್ತು. ಹದಿನೈದು ದಿನದಲ್ಲಿ ನಾಲ್ಕು ಕುಲುಮೆಗೂ ಒಪ್ಪಿಗೆ ಬಂತು. ವರ್ಷದ ಪ್ರಗತಿ ವರದಿಯಲ್ಲಿ ಬೆಲ್‌ಭಾಠಾ ಹಳ್ಳಿಗೆ ಒಂದು ಪುಟವಿದೆ: ಇನ್ನೂರ ಅರವತ್ತಮೂರರಿಂದ ಅರವತ್ತಕ್ಕೆ, ಒಂದೇ ತಿಂಗಳಿನಲ್ಲಿ. ಬೇರೆ ಜಿಲ್ಲೆಯವರು ಅದನ್ನು ನೋಡಿ ಕಲಿಯಬೇಕಂತೆ.

ಹಳ್ಳಿಗೆ ಹೋಗಲು ನನಗೆ ಮುಖವಿರಲಿಲ್ಲ. ಚೈತ್ರದಲ್ಲಿ ಒಂದು ಮಧ್ಯಾಹ್ನ ಕೇಜಾ ಬುತ್ತಿ ಕಟ್ಟಿ ಕೈಗೆ ಕೊಟ್ಟು, "ಹೋಗಿ ಬನ್ನಿ. ಆ ಮನೆಗೆ ಹೋಗೋರು ಇನ್ಯಾರಿದ್ದಾರೆ?" ಎಂದು ಬಾಗಿಲು ತೋರಿಸಿದಳು.

ದಾರಿಯಲ್ಲಿ ಕುಲುಮೆಯ ಜಾಗದಲ್ಲಿ ಬುಲ್ಡೋಜರುಗಳು ನೆಲ ಅಗೆಯುತ್ತಿದ್ದವು. ಆ ಧೂಳು ಬೇರೆ. ಎರಡು ವರ್ಷ ಎಂದಿದ್ದೆವು, ಎರಡು ತಿಂಗಳೂ ಬೇಕಾಗಲಿಲ್ಲ. ಮಹಾಪ್ರಸಾದರ ಅಂಗಳದ ಬೇವಿನ ಎಲೆಗಳು ಮತ್ತೆ ಕಪ್ಪಾಗಿದ್ದವು. ಬೇವಿನ ಕೆಳಗಿನ ಮಂಚದ ಮೇಲೆ ಅತ್ತಿಗೆಯನ್ನು ದಿಂಬುಗಳಿಗೆ ಒರಗಿಸಿ ಕೂರಿಸಿದ್ದರು. ಮಹಾಪ್ರಸಾದರು ಭತ್ತಕ್ಕೆ ಔಷಧಿ ಹೊಡೆಯುವ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡು, ಒಂದು ಕೈಯಲ್ಲಿ ಹಿಡಿಕೆ ಒತ್ತುತ್ತ, ಇನ್ನೊಂದು ಕೈಯಲ್ಲಿ ನಳಿಗೆ ಮೇಲೆತ್ತಿ, ಮಂಚದ ಸುತ್ತ ನಡೆಯುತ್ತಿದ್ದರು. ನೀರು ಒಂದಾಳೆತ್ತರ ಹೋಗಿ ಬೀಳುತ್ತಿತ್ತು. ಅವರ ಧೋತರ ಮೊಣಕಾಲಿನವರೆಗೆ ಕೆಸರಾಗಿತ್ತು.

ನನ್ನನ್ನು ನೋಡಿಯೂ ನಿಲ್ಲಲಿಲ್ಲ. "ಡಬ್ಬಿ ಮೂರು ಸಲ ಸೋಪು ಹಾಕಿ ತೊಳೆದಿದ್ದೀನಿ," ಎಂದರು. "ಔಷಧಿ ವಾಸನೆ ಇಲ್ಲ."

"ಕೊಡಿ ಇಲ್ಲಿ," ಎಂದೆ.

ಅವರು ಕೊಟ್ಟರು. ನಾನು ಬೆನ್ನಿಗೆ ಕಟ್ಟಿಕೊಂಡು ಹಿಡಿಕೆ ಒತ್ತತೊಡಗಿದೆ. ಅವರು ಕೊಡ ಹಿಡಿದು ನೀರು ತರಲು ಹೊರಟರು. ಊರ ಬಾವಿಗೆ ಹೋಗುವಂತಿಲ್ಲ, ಗದ್ದೆಯಾಚೆಯ ಹೊಂಡದಿಂದ ತರಬೇಕು.

ಅತ್ತಿಗೆಯ ಸೆರಗು, ಕೂದಲು, ಹಾಸಿಗೆ ಎಲ್ಲ ಒದ್ದೆಯಾಗಿತ್ತು. ಕಣ್ಣು ಮಾತ್ರ ಒಣಗಿತ್ತು. ಒಂದೊಂದೇ ಮಾತಿಗೆ ಒಂದೊಂದು ಉಸಿರು ಕೂಡಿಸಿಕೊಂಡು ಕೇಳಿದರು: "ನೀವು... ಲೆಕ್ಕದೋರು. ನಿಜ ಹೇಳಿ. ಈಗ... ಎಷ್ಟಿದೆ?"

ಯಂತ್ರ ಹೋಗಿ ತಿಂಗಳಾಗಿತ್ತು. ಎಷ್ಟಿದೆ ಎಂದು ಯಾರಿಗೆ ಗೊತ್ತು? ಹದಿನಾರು ದಿನ ಬರೆದು ಬರೆದು ರೂಢಿಯಾಗಿದ್ದ ಸಂಖ್ಯೆಯೇ ನಾಲಿಗೆಗೆ ಬಂತು.

"ಅರವತ್ತು, ಅತ್ತಿಗೆ."

ಅವರು ತಲೆ ಆಡಿಸಿದರು. ನನ್ನ ಮಾತನ್ನು ನಂಬಿದರು, ಅದನ್ನು ಅವರ ಮುಖದಲ್ಲೇ ಕಂಡೆ. ಎರಡು ಕೈಯನ್ನೂ ಮಂಚದ ಅಂಚಿಗೆ ಊರಿ, ಭುಜ ಎತ್ತಿ, ಬಾಯಿ ತೆರೆದು ಒಂದು ಉಸಿರನ್ನು ಒಳಗೆ ಎಳೆದುಕೊಳ್ಳಲು ನೋಡಿದರು. ಅದು ಅರ್ಧಕ್ಕೇ ನಿಂತಿತು.

"ಹಾಗಾದ್ರೆ..." ಎಂದರು, "ಹಾಗಾದ್ರೆ ನನ್ನದೇ... ಏನೋ ತಪ್ಪಿರಬೇಕು."